ನೆಲದೊಡೆಯನಿಗೊಂದು ಕೋಳಿಕಾಲು

ಬಾಡಿಗೆದಾರ ಒಂದೇ ಒಂದು ದೂರನ್ನೂ ಹೇಳುತ್ತಿಲ್ಲ ಎಂಬುದೇ ಪೇಹ್ವಾಳ ಚಿಂತೆಯಾಗಿತ್ತು.

ಬೇರೆ ಯಾರಿಗಾದರೂ ಇದು ಪುಣ್ಯವೆನಿಸುತ್ತಿತ್ತು. ಪೇಹ್ವಾಳಿಗೆ ಮಾತ್ರ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು. ಮಗುವಿಗೆ ಎಣ್ಣೆ ತಿಕ್ಕುವಾಗ, ಗಂಜಿ ಆರಿಸುವಾಗ, ಮಗು ಮಲಗಿದ ಮೇಲೆ ಅದಿನ್ನೂ ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುವಾಗಲೂ ಅವಳ ತಲೆಯೊಳಗೆ ಅದೇ ಪ್ರಶ್ನೆ: ಬಾಡಿಗೆಗಿರುವ ಸೀ ದೊಡ್ಡಪ್ಪ ಯಾಕೆ ಫೋನೇ ಮಾಡುತ್ತಿಲ್ಲ? ನಲ್ಲಿ ಸೋರುತ್ತಿಲ್ಲವೆ? ಬಲ್ಬು ಹೋಗಿಲ್ಲವೆ? ಅಥವಾ ದೊಡ್ಡಪ್ಪನೇ ಹೋಗಿಬಿಟ್ಟರೆ?

ಮನೆಯಿದ್ದದ್ದು ತೈನಾನ್ ನಗರದ ಹಳೆಯ ಕಾಲುವೆಯ ಹಿಂದಿನ ಓಣಿಯಲ್ಲಿ, ಮೂರನೆಯ ಮಹಡಿಯಲ್ಲಿ. ಅವಳೂ ಗಂಡ ಯೆನ್‌ಟಿಂಗನೂ ಕೂಡಿಟ್ಟದ್ದನ್ನೆಲ್ಲ ಅದಕ್ಕೆ ಸುರಿದಿದ್ದರು. ತಾವು ಮಾತ್ರ ಊರಿನ ಇನ್ನೊಂದು ತುದಿಯಲ್ಲಿ, ಗಂಡನ ಕಾರ್ಖಾನೆಗೆ ಹತ್ತಿರವಾಗಲೆಂದು, ಹೋಂಗ್ ಟೀಚರ್ ಎಂಬ ನಿವೃತ್ತ ಸಂಗೀತ ಶಿಕ್ಷಕಿಯ ಮನೆಯಲ್ಲಿ ಬಾಡಿಗೆಗಿದ್ದರು. ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು ತಾವು ಬಾಡಿಗೆ ಮನೆಯಲ್ಲಿರುವುದು ಅವಳ ಓರಗೆಯವರಲ್ಲಿ ಎಲ್ಲರೂ ಮಾಡುವ ಕೆಲಸ. ಆದ್ದರಿಂದ ಅದರಲ್ಲಿ ನಗುವಂಥದ್ದೇನೋ ಇದೆ ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಮನೆ ಬಾಡಿಗೆಗೆ ಕೊಡುವ ವಿದ್ಯೆಯನ್ನು ಅವಳಿಗೆ ಕಲಿಸಿದವಳು ಸೋದರತ್ತೆ ಸಿಯೂಕಿಮ್. ಕಾಲೇಜಿನ ಪಕ್ಕದಲ್ಲಿ ಒಂದು ಸಾಲು ಕೋಣೆಗಳನ್ನು ಹುಡುಗರಿಗೆ ಕೊಟ್ಟು, ಬೆಳಗಿನ ಸಂತೆಯಲ್ಲಿ ಮೀನು ಮಾರಿ, ಗಂಡನಿಲ್ಲದೆ ಇಬ್ಬರು ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಮೀನಿನ ಹೊಟ್ಟೆ ಸೀಳುತ್ತಲೇ ಉಪದೇಶ ಮಾಡುತ್ತಿದ್ದಳು. ಮನೆ ಕೊಳ್ಳುವವರು ಬಿಸಿಲಲ್ಲಿ ಹೋಗಿ ನೋಡಬಾರದು, ದೊಡ್ಡ ಮಳೆ ಬಿದ್ದ ಮಾರನೆಯ ದಿನ ಹೋಗಿ ಗೋಡೆ ಮುಟ್ಟಬೇಕು. ಬಾಡಿಗೆಗೆ ಬರುವವನ ಮುಖ ನೋಡಬಾರದು, ಅವನ ಸ್ಕೂಟರು ನೋಡಬೇಕು. ಸ್ಕೂಟರು ಹೇಗಿದೆಯೋ ನಾಳೆ ನಿನ್ನ ಬಚ್ಚಲೂ ಹಾಗೇ ಇರುತ್ತದೆ. ನೆಂಟರಿಗೆ ಕೊಟ್ಟರೆ ಮನೆಯೂ ಹೋಯಿತು, ನೆಂಟಸ್ತಿಕೆಯೂ ಹೋಯಿತು. ಇನ್ನೊಂದು ಬೀಗದ ಕೈ ನಿನ್ನ ಹತ್ತಿರ ಇದೆಯೆಂದು ಹೇಳದೆ ಕೇಳದೆ ಒಳಗೆ ನುಗ್ಗಿದರೆ ನೀನು ಒಡತಿಯಲ್ಲ, ಕಳ್ಳಿ. ನಲ್ಲಿ ಸೋರುತ್ತಿದೆ ಎಂದರೆ ಅದೇ ವಾರ ಸರಿಮಾಡಿಸು. ಇಂದು ಹನಿ ಕುಡಿಯುವ ಗೋಡೆ ನಾಳೆ ಮನೆಯನ್ನೇ ಕುಡಿಯುತ್ತದೆ. ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ: ಒಂಟಿ ಮುದುಕರಿಗೆ ಮನೆ ಕೊಡಬೇಡ.

ಈ ಕೊನೆಯ ಮಾತಿಗೆ ಕಾರಣವಿತ್ತು. ಮನೆಯೊಳಗೆ ಬಾಡಿಗೆದಾರ ತೀರಿಕೊಂಡರೆ, ಅದೂ ನಾಲ್ಕು ದಿನ ಯಾರಿಗೂ ತಿಳಿಯದೆ ಬಿದ್ದಿದ್ದರೆ, ಆಮೇಲೆ ಆ ಮನೆಯ ಕಡೆ ನಾಯಿಯೂ ತಲೆಹಾಕಿ ಮಲಗುವುದಿಲ್ಲ. ಕಾಗದದಲ್ಲಿ ಏನೇ ಬರೆದಿರಲಿ, ಓಣಿಯ ಬಾಯಿ ಅದನ್ನು ‘ಕೆಟ್ಟ ಮನೆ’ ಎಂದು ಕರೆಯಿತೆಂದರೆ ಮುಗಿಯಿತು. ಹೀಗಾಗಿ ತಲೆ ನೆರೆತವರಿಗೆ ಆ ಊರಿನಲ್ಲಿ ಯಾರೂ ಸುಲಭವಾಗಿ ಮನೆ ಕೊಡುವುದಿಲ್ಲ.

ಪೇಹ್ವಾ ಕೊಟ್ಟಳು.

ಕೊಟ್ಟದ್ದು ಹೇಗೆಂದರೆ, ಮನೆ ನೋಡಲು ಜನ ಬರುವ ದಿನ ಎದೆಗೆ ಕಟ್ಟಿಕೊಂಡಿದ್ದ ಮಗು ಒಂದೇ ಸಮನೆ ಅಳುತ್ತಿತ್ತು. ಮಗುವಿಗೆ ಬೇರೆ ಹೆಸರಿದ್ದರೂ ಎಲ್ಲರೂ ಕರೆಯುತ್ತಿದ್ದದ್ದು ಬಟಾಣಿ ಎಂದು. ಆ ಬಟಾಣಿಯ ಗಂಟಲಿನಲ್ಲಿ ನಗಾರಿ ಇತ್ತು. ಬಂದವರೆಲ್ಲ ಬಾಗಿಲಿಂದಲೇ ಕಿವಿ ಮುಚ್ಚಿಕೊಂಡು ಹೊರಟುಹೋದ ಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ, ಎಪ್ಪತ್ತು ದಾಟಿದ ಗಂಡಸೊಬ್ಬ ಮೆಟ್ಟಿಲು ಹತ್ತಿ ಬಂದ. ಸಿಟಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು. ವಯಸ್ಸಿಗೆ ಮರ್ಯಾದೆಯಾಗಿ ಪೇಹ್ವಾ ಆಮೇಲೆ ದೊಡ್ಡಪ್ಪ ಎಂದು ಕರೆದದ್ದು ಇವನನ್ನೇ. ಆತ ಮನೆಯನ್ನು ನೋಡಲೇ ಇಲ್ಲ. ಮಗುವಿನ ಮುಂದೆ ಬಗ್ಗಿ, ಬಸ್ಸಿನ ಬಾಗಿಲು ತೆರೆಯುವಾಗ ಗಾಳಿ ಬಿಡುತ್ತದಲ್ಲ, ಆ ಸದ್ದನ್ನು ತುಟಿಯಲ್ಲಿ ಮಾಡಿದ: ‘ಪ್ಸ್ಸ್ಸ್.’ ಮಗು ಬಾಯಿ ಮುಚ್ಚಿತು. ಬಾಗಿಲು ಮುಚ್ಚುವ ಸದ್ದು ಮಾಡಿದ. ಮಗು ನಕ್ಕಿತು. ಹಿಂದಿನ ರಾತ್ರಿಯಿಡೀ ನಿದ್ದೆ ಕೆಟ್ಟಿದ್ದ ಪೇಹ್ವಾ ಅಲ್ಲೇ, ಕಿಟಕಿಯ ಹಲಗೆಯ ಮೇಲೆ, ಒಪ್ಪಂದಕ್ಕೆ ಸಹಿ ಹಾಕಿಬಿಟ್ಟಳು.

ಅತ್ತೆಗೆ ಸುದ್ದಿ ಮುಟ್ಟಿದಾಗ ಅವಳು ಮೊದಲು ಕೇಳಿದ್ದು ಹೆಸರು.

“ಸೀ ಬುನ್‌ಹಿಯೋಂಗ್,” ಎಂದಳು ಪೇಹ್ವಾ.

ಅವರ ಮಾತಿನಲ್ಲಿ ಸೀ ಎಂಬ ಆ ಮನೆತನದ ಹೆಸರನ್ನು ಒಂಚೂರು ಒತ್ತಿ ಹೇಳಿದರೆ ಸಾವು ಎಂದಾಗುತ್ತದೆ.

“ಮುದುಕ, ಒಂಟಿ, ಮೇಲೆ ಸೀ ಬೇರೆ,” ಎಂದಳು ಅತ್ತೆ. “ಅಲ್ವೇ ತಾಯಿ, ಯಮನಿಗೆ ವಿಳಾಸ ಹುಡುಕೋ ಕಷ್ಟ ಯಾಕೆ ಅಂತ ಬಾಗಿಲಿಗೇ ಬೋರ್ಡು ಹಾಕ್ಸಿದ್ದೀಯಲ್ಲ.”

ಅಂದಿನಿಂದ ಪೇಹ್ವಾಳಿಗೆ ನೆಮ್ಮದಿಯಿಲ್ಲ. ವಾರಕ್ಕೊಮ್ಮೆ ಮೆಸೇಜು ಕಳಿಸುತ್ತಿದ್ದಳು: ‘ದೊಡ್ಡಪ್ಪ, ಎಲ್ಲ ಸರಿಯಾಗಿದೆಯಾ? ಏನಾದರೂ ಕೆಟ್ಟಿದೆಯಾ?’ ತಕ್ಷಣ ಉತ್ತರ ಬರುತ್ತಿತ್ತು: ‘ಎಲ್ಲ ಚೆನ್ನಾಗಿದೆ ಮನೆಯೊಡತಿಯವರೇ. ತೊಂದರೆ ಏನೂ ಇಲ್ಲ.’ ಪ್ರತಿ ಸಲವೂ ಅದೇ ಪದಗಳು, ಕೊನೆಯಲ್ಲಿ ಅದೇ ಕಮಲದ ಹೂವಿನ ಚಿತ್ರ. ಮನುಷ್ಯ ಸತ್ತ ಮೇಲೂ ಫೋನು ತಾನೇ ಹೀಗೆ ಉತ್ತರ ಕೊಡುವಂತೆ ಮಾಡಬಹುದು ಎಂದು ಅವಳು ಎಲ್ಲೋ ಓದಿದ್ದಳು. ಓದಿದ್ದೇ ತಪ್ಪಾಯಿತು.

ಆಮೇಲೆ ಅವಳು ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಕಾಲುವೆಯ ಕಡೆ ತಿರುಗಾಡಲು ಹೋಗತೊಡಗಿದಳು. ಎದುರು ಓಣಿಯ ಸೋಯಾ ಹಾಲಿನ ಅಂಗಡಿಯ ಮುಂದೆ ನಿಂತು ಮೂರನೆಯ ಮಹಡಿಯ ಬಾಲ್ಕನಿ ನೋಡುವಳು. ಅಲ್ಲಿ ಒಂದು ಬಿಳಿ ಬನಿಯನ್ನು ನೇತಾಡುತ್ತಿರುತ್ತಿತ್ತು. ನಿನ್ನೆಯೂ ಬಿಳಿ ಬನಿಯನ್ನು, ಇವತ್ತೂ ಬಿಳಿ ಬನಿಯನ್ನು. ಇದು ಇವತ್ತು ಒಗೆದದ್ದೋ, ಹೋದ ವಾರ ಒಗೆದು ತೆಗೆಯಲು ಆಳಿಲ್ಲದೆ ಉಳಿದದ್ದೋ? ಬಿಳಿ ಬನಿಯನ್ನಿನ ಮೇಲೆ ತಾರೀಖು ಇರುತ್ತದೆಯೆ?

ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಕೆಂಪು, ಹಳದಿ, ನೀಲಿ ಬಣ್ಣದ ಬನಿಯನ್ನುಗಳನ್ನು ಕೊಂಡು, ಒಂದು ಚೀಲ ಸೀಬೆಹಣ್ಣಿನ ಜೊತೆ ದೊಡ್ಡಪ್ಪನಿಗೆ ಕೊಟ್ಟುಬಂದಳು. ದಿನಕ್ಕೊಂದು ಬಣ್ಣ ಬದಲಾದರೆ ದೊಡ್ಡಪ್ಪ ಕ್ಷೇಮ.

ದೊಡ್ಡಪ್ಪ ಎರಡೂ ಕೈ ಚಾಚಿ ಇಸಿದುಕೊಂಡ. ಅವಳು ಹೊರಟಾಗ ಬಾಗಿಲನ್ನು ಬಸ್ಸಿನ ಬಾಗಿಲಿನಂತೆ ಪೂರ್ತಿ ತೆರೆದು, ತಾನು ಪಕ್ಕಕ್ಕೆ ನಿಂತು, “ಮೆಟ್ಟಿಲು ನೋಡ್ಕೊಂಡು ಇಳೀರಿ,” ಎಂದ. ಅವಳು ಯಾವಾಗ ಹೋದರೂ ಹೀಗೇ. ನೆಲ ಕನ್ನಡಿಯಂತಿರುತ್ತಿತ್ತು, ಒಲೆ ಹೊಸದರಂತಿರುತ್ತಿತ್ತು. ಟಿಕೆಟ್ ತಪಾಸಣೆಗೆ ಬಂದವರ ಮುಂದೆ ನಿಂತವನ ಹಾಗೆ ಆತ ನೆಟ್ಟಗೆ ನಿಲ್ಲುತ್ತಿದ್ದ.

ಮಾರನೆಯ ದಿನ ಬಾಲ್ಕನಿಯಲ್ಲಿ ಮೂರೂ ಬನಿಯನ್ನುಗಳು ಒಟ್ಟಿಗೆ ನೇತಾಡುತ್ತಿದ್ದವು, ಕೆಂಪು, ಹಳದಿ, ನೀಲಿ. ಅದರ ಮಾರನೆಯ ದಿನವೂ. ವಾರ ಕಳೆದರೂ ಮೂರೂ ಅಲ್ಲೇ. ಪೇಹ್ವಾಳಿಗೆ ಇನ್ನು ತಡೆಯಲಾಗಲಿಲ್ಲ. ಓಡಿ ಮೆಟ್ಟಿಲು ಹತ್ತಿ ಬಾಗಿಲು ಬಡಿದರೆ, ತನ್ನ ಹಳೆಯ ಬಿಳಿ ಬನಿಯನ್ನಿನಲ್ಲೇ ಇದ್ದ ದೊಡ್ಡಪ್ಪ ಬಾಗಿಲು ತೆರೆದ. ಗಾಬರಿಯಾಗಿದ್ದ ಆತನೇ ಮೊದಲು ವಿವರಿಸಿದ್ದು. ಮನೆಯೊಡತಿ ಇಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಮೈಮೇಲೆ ಹಾಕಿ ಹಾಳುಮಾಡಲು ಮನಸ್ಸು ಬರಲಿಲ್ಲ. ನೀವು ದಿನಾ ಎದುರಿಗೆ ನಿಂತು ನೋಡುತ್ತಿರುತ್ತೀರಿ, ನಿಮಗೆ ಕಾಣಲಿ ಎಂದು ದಿನಾ ಬೆಳಿಗ್ಗೆ ನೇತುಹಾಕಿ ಸಂಜೆ ಒಳಗಿಡುತ್ತಿದ್ದೇನೆ. ಕ್ರಮ ತಪ್ಪಾಗಿದ್ದರೆ ಹೇಳಿ, ನೀಲಿಯನ್ನು ಮೊದಲು ಹಾಕುತ್ತೇನೆ.

ಪೇಹ್ವಾ ಕ್ರಮ ಸರಿಯಾಗಿದೆ ಎಂದು ಹೇಳಿ ಇಳಿದು ಬಂದಳು.

ಹೀಗಿರುವಾಗ ಒಪ್ಪಂದದ ಅವಧಿ ಮುಗಿಯುತ್ತ ಬಂತು. ತಿಂಗಳು ತುಂಬುವುದರೊಳಗೆ ಹೇಳಬೇಕು: ಮುಂದುವರಿಯಿರಿ, ಇಲ್ಲವೇ ಬೇರೆ ಮನೆ ನೋಡಿಕೊಳ್ಳಿ. ಅತ್ತೆಯ ಮಾತು ಖಡಾಖಂಡಿತವಾಗಿತ್ತು. ಕಳಿಸಿಬಿಡು, ಒಬ್ಬ ಪುಷ್ಟವಾದ ಕಾಲೇಜು ಹುಡುಗನನ್ನು ತಾನೇ ಹುಡುಕಿಕೊಡುತ್ತೇನೆ, ಗೋಡೆಗೆ ಮೊಳೆ ಹೊಡೆದಾನು, ಆದರೆ ಸಾಯುವುದಿಲ್ಲ. ಯೆನ್‌ಟಿಂಗನನ್ನು ಕೇಳಿದರೆ ಅವನು ಎಂದಿನಂತೆ ‘ನಿನಗೆ ಹೇಗೆ ತೋರುತ್ತೋ ಹಾಗೆ’ ಎಂದ. ಹೆಂಡತಿಯನ್ನು ಸುಮ್ಮನಾಗಿಸುವ ಮಾತು ಎಂದು ಅವನು ಅದನ್ನು ತಿಳಿದಿದ್ದ. ಪೇಹ್ವಾಳಿಗೆ ಅದಕ್ಕಿಂತ ನಿದ್ದೆಗೆಡಿಸುವ ಮಾತು ಇನ್ನೊಂದಿರಲಿಲ್ಲ. ಕಳಿಸಿದರೆ ಆ ವಯಸ್ಸಿನಲ್ಲಿ ಆತನಿಗೆ ಇನ್ನೊಂದು ಬಾಗಿಲು ತೆರೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಉಳಿಸಿಕೊಂಡರೆ ತಾನು ಜೀವಮಾನವಿಡೀ ಸೋಯಾ ಹಾಲಿನ ಅಂಗಡಿಯ ಮುಂದೆ ನಿಲ್ಲಬೇಕು.

ಫೋನು ಕೈಗೆತ್ತಿಕೊಳ್ಳುವಳು, ಇಡುವಳು.

“ನಿನ್ನ ಕೈಲಾಗ್ದಿದ್ರೆ ನೆಲದೊಡೆಯನ್ನ ಕೇಳು,” ಎಂದಳು ಅತ್ತೆ. “ಮನೆ ತಗೊಂಡು ಇಷ್ಟು ದಿನ ಆಯ್ತು, ಒಂದು ತುತ್ತು ಹಾಕಿದ್ದೀಯಾ ಅವನಿಗೆ?”

ಹಾಕಿರಲಿಲ್ಲ. ಕಾಗದಪತ್ರದ ಒಡೆಯರು ಯಾರೇ ಇರಲಿ, ಪ್ರತಿ ಮನೆಗೂ ಆ ನೆಲದಲ್ಲಿ ಮೊದಲು ಇದ್ದವನೊಬ್ಬನಿರುತ್ತಾನೆ. ನಿಜವಾದ ಮನೆಯೊಡೆಯ ಅವನೇ. ಗಿಡ್ಡ ದೇವರು, ಎತ್ತರದ ಮೇಜಿನಲ್ಲಿಟ್ಟರೆ ಎಟುಕುವುದಿಲ್ಲ. ಅಡುಗೆಮನೆಯಲ್ಲಿ ಒಂದು ಕುಳ್ಳು ಮಣೆಯ ಮೇಲೆ, ಸಂಜೆಯಾಗುವ ಮುಂಚೆ, ಅನ್ನ ಮತ್ತು ಒಂದು ಇಡೀ ಕೋಳಿಕಾಲು ಇಟ್ಟು, ಊದುಬತ್ತಿ ಹಚ್ಚಿ, ಎರಡು ನಾಣ್ಯ ಎಸೆದು ಕೇಳಬೇಕು. ಒಂದರ ಬೆನ್ನು, ಇನ್ನೊಂದರ ಹೊಟ್ಟೆ ಮೇಲಾಗಿ ಬಿದ್ದರೆ ಹೌದು. ಎರಡೂ ಬೆನ್ನಾದರೆ ಇಲ್ಲ, ಎರಡೂ ಹೊಟ್ಟೆಯಾದರೆ ದೇವರು ನಗುತ್ತಿದ್ದಾನೆ.

ಪೇಹ್ವಾ ಓದಿದ ಹುಡುಗಿ. ಓದಿದವರು ದೇವರನ್ನು ನಂಬುವುದು ಬಿಡುವುದಿಲ್ಲ, ವಿಧಿಯನ್ನು ಮಾತ್ರ ಸುಲಭ ಮಾಡಿಕೊಳ್ಳುತ್ತಾರೆ. ದೊಡ್ಡಪ್ಪನ ಅಡುಗೆಮನೆಗೇ ಹೋಗಿ, ದೊಡ್ಡಪ್ಪನ ಒಲೆಯಲ್ಲೇ ಕೋಳಿ ಬೇಯಿಸಿ, ಆತನೆದುರೇ ಆತನನ್ನು ಓಡಿಸಲೇ ಎಂದು ಕೇಳುವುದು ಹೇಗೆ? ದೇವರಿಗೆ ದೂರವೇನು, ಹತ್ತಿರವೇನು ಎಂದುಕೊಂಡು ಅವಳು ತನ್ನ ಅಡುಗೆಮನೆಯಲ್ಲೇ ಬಟಾಣಿಯ ಸ್ನಾನದ ಮಣೆ ಹಾಕಿ, ಕೋಳಿಕಾಲು ಬಡಿಸಿ ಕೈಮುಗಿದಳು. ನಾನು ಪೇಹ್ವಾ, ಈ ಮನೆಯಲ್ಲಿರುವ ಬಾಡಿಗೆದಾರರು ಒಳ್ಳೆಯವರೇ, ಆದರೆ ಇವತ್ತೋ ನಾಳೆಯೋ ಏನಾಗುತ್ತದೋ ಎಂಬ ಹೆದರಿಕೆ, ಈ ಮನೆಯಿಂದ ಅವರನ್ನು ಕಳಿಸಿಬಿಡಬಹುದೇ?

ನಾಣ್ಯ ಎಸೆದಳು. ದೇವರು ನಕ್ಕ. ಮತ್ತೆ ಎಸೆದಳು. ಹೌದು. ಮತ್ತೆ ಹೌದು. ಅದರ ಮುಂದಿನ ಸಲವೂ ಹೌದು. ಮೂರು ಹೌದು ಬಿದ್ದರೆ ಅದು ಅಪ್ಪಣೆ. ಅದರ ಮೇಲೆ ಮಾತಿಲ್ಲ.

ಹಗುರಾದಳು. ಅಪ್ಪಣೆ ಕೊಟ್ಟದ್ದು ತಾನಲ್ಲವಲ್ಲ. ಮರುದಿನ ಬಟಾಣಿಯನ್ನೆತ್ತಿಕೊಂಡು ಸಂತೆಗೆ ಹೋಗಿ ಅತ್ತೆಗೆ ಹೇಳಿದಳು. ಅತ್ತೆ ಮೀನು ಸೀಳುತ್ತಲೇ ತಲೆಯಾಡಿಸಿದಳು. ಆಮೇಲೆ ಸುಮ್ಮನೆ ಕೇಳಿದಳು, ಮುದುಕ ಅಡುಗೆಮನೆಗೆ ಬಿಟ್ಟುಕೊಂಡನೇ ಎಂದು.

“ಅಲ್ಲಿ ಮಾಡ್ಲಿಲ್ಲ ಅತ್ತೆ. ಮನೇಲೇ ಮಾಡ್ದೆ.”

ಅತ್ತೆಯ ಚಾಕು ನಿಂತಿತು.

“ಯಾರ ಮನೇಲಿ?”

“ನಮ್ಮನೇಲಿ.”

“ನಿಮ್ಮನೆ ಅನ್ನೋದು ಯಾರ ಮನೆ?”

“ಹೋಂಗ್ ಟೀಚರ್ದು.”

“ಅಲ್ಲಿ ನಿಂತ್ಕೊಂಡು ಏನಂತ ಕೇಳ್ದೆ?”

“ಈ ಮನೆಯ ಬಾಡಿಗೆದಾರರನ್ನ ಕಳಿಸಿಬಿಡ್ಲಾ ಅಂತ…” ಎನ್ನುವಾಗಲೇ ಪೇಹ್ವಾಳ ಸ್ವರ ಇಳಿಯಿತು.

“ಈ ಮನೆಯ ಬಾಡಿಗೆದಾರರು ಯಾರಮ್ಮ?” ಎಂದಳು ಅತ್ತೆ, ಬಹಳ ಮೆಲ್ಲಗೆ. ಪಕ್ಕದ ಸಿಗಡಿ ಮಾರುವವಳೂ ಕೈ ನಿಲ್ಲಿಸಿ ಕಿವಿಗೊಟ್ಟಿದ್ದಳು.

ಯಾರೂ ಉತ್ತರ ಹೇಳಬೇಕಾಗಲಿಲ್ಲ. ಹೋಂಗ್ ಟೀಚರ ಮನೆಯ ನೆಲದೊಡೆಯ ತನಗೆ ಹಾಕಿದ ಕೋಳಿಕಾಲನ್ನು ತಿಂದು, ತನ್ನ ಮನೆಯ ಬಾಡಿಗೆದಾರಳೇ ಬಂದು ‘ನನ್ನನ್ನು ಓಡಿಸಲೇ’ ಎಂದು ಕೇಳಿದ್ದನ್ನು ನೋಡಿ ಮೊದಲು ನಕ್ಕು, ಆಮೇಲೆ ಹೌದು ಹೌದು ಹೌದು ಎಂದಿದ್ದ.

ರದ್ದು ಮಾಡಬಹುದೇ ಎಂದು ಪೇಹ್ವಾ ಅಂಗಲಾಚಿದಳು. ತಿಂದ ಕೋಳಿಯನ್ನು ದೇವರು ಹೇಗೆ ವಾಪಸು ಕೊಡುತ್ತಾನೆ ಎಂಬುದು ಅತ್ತೆಯ ಪ್ರಶ್ನೆ. ಆದರೂ ಮನೆಗೆ ಓಡಿಬಂದು ಇನ್ನೊಂದು ಕೋಳಿಕಾಲು ಬೇಯಿಸಿ, ತಪ್ಪಾಯಿತು, ಹಿಂದಿನ ಪ್ರಶ್ನೆ ಇಲ್ಲಿಯದಲ್ಲ ಎಂದು ಬೇಡಿ ನಾಣ್ಯ ಎಸೆದಳು. ಒಂದು ನಾಣ್ಯ ಹೊಟ್ಟೆ ಮೇಲಾಗಿ ಬಿತ್ತು. ಇನ್ನೊಂದು ಉರುಳುತ್ತ ಹೋಗಿ ಫ್ರಿಜ್ಜಿನ ಕೆಳಗೆ ಸೇರಿತು. ಫ್ರಿಜ್ಜು ಹೋಂಗ್ ಟೀಚರದು. ಸರಿಸಿದರೆ ನೆಲದ ಮೇಲೆ ಗೀರು ಬೀಳುತ್ತದೆ. ಹೀಗೆ ದೇವರ ತೀರ್ಪು ಫ್ರಿಜ್ಜಿನ ಕೆಳಗೇ ಉಳಿಯಿತು.

ಅಂದಿನಿಂದ ಅವಳು ಬೇರೆಯೇ ಹೆಂಗಸಾದಳು. ಬಟಾಣಿ ಅತ್ತರೆ, ಗೋಡೆಯಾಚೆಯೇ ಇದ್ದ ಹೋಂಗ್ ಟೀಚರಿಗೆ ಕೇಳಬಾರದೆಂದು, ಕಿಟಕಿ ಮುಚ್ಚಿ ಅದಕ್ಕೆ ಕಂಬಳಿ ಹೊದೆಸುವಳು. ಒಗೆದ ಬಟ್ಟೆಯನ್ನು ಬಾಲ್ಕನಿಯಲ್ಲಿ ಹಾಕುವುದು ಬಿಟ್ಟಳು. ಬಟ್ಟೆ ಹೆಚ್ಚು ಕಂಡರೆ ನೀರು ಹೆಚ್ಚು ಎಂದುಕೊಳ್ಳುವುದಿಲ್ಲವೆ? ಮೆಟ್ಟಿಲ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವಳು. ಗಂಡ ಇದೇನೆಂದು ಕೇಳಿದರೆ, ಹೋಂಗ್ ಟೀಚರಿಗೆ ನಾವು ಇಲ್ಲಿದ್ದೇವೆ ಎಂಬುದೇ ನೆನಪಾಗಬಾರದು, ನೆನಪಾದರೆ ತಾನೇ ಬಿಡಿ ಎನ್ನುವುದು ಎಂದಳು. ಅವನು ಸ್ವಲ್ಪ ಹೊತ್ತು ಯೋಚಿಸಿ, ಅವನ ಪಾಲಿಗೆ ಅಪರೂಪವಾಗಿ, ಅದು ಬಾಡಿಗೆ ಕೊಡುವಾಗ ನೆನಪಾಗುವುದಿಲ್ಲವೇ ಎಂದು ಕೇಳಿದ. ಆ ವಿಷಯ ತನಗೂ ಚಿಂತೆಯಾಗಿದೆ ಎಂದಳು ಪೇಹ್ವಾ.

ಆ ವಾರವೇ ಅಡುಗೆಮನೆಯ ತೊಟ್ಟಿಯ ಕೆಳಗಿನ ಕೊಳವೆ ಸೋರತೊಡಗಿತು. ಮೊದಲು ಹನಿ, ಆಮೇಲೆ ಸಣ್ಣ ಧಾರೆ. ಪೇಹ್ವಾ ಅದಕ್ಕೆ ಬಟಾಣಿಯ ಲಂಗೋಟಿ ಸುತ್ತಿದಳು. ಕೆಳಗೆ ಪಾತ್ರೆಯಿಟ್ಟಳು. ಪಾತ್ರೆಯ ಸದ್ದು ಗೋಡೆಯಾಚೆ ಕೇಳೀತೆಂದು ಅದರೊಳಗೆ ಟವೆಲ್ಲು ಹಾಸಿದಳು. ಹನಿ ಕುಡಿಯುವ ಗೋಡೆ ಮನೆಯನ್ನೇ ಕುಡಿಯುತ್ತದೆ ಎಂಬ ಮಾತು ನೆನಪಿಗೆ ಬಂತು. ಕುಡಿಯಲಿ ಎಂದುಕೊಂಡಳು, ಮೆಲ್ಲಗೆ ಕುಡಿದರೆ ಸಾಕು.

ಒಂದು ಮಧ್ಯಾಹ್ನ ಟವೆಲ್ಲು ತುಂಬಿ, ಪಾತ್ರೆ ತುಂಬಿ, ನೀರು ನೆಲದ ಮೇಲೆ ಹರಿದು ಫ್ರಿಜ್ಜಿನ ಕಡೆ ಹೊರಟಿತು. ಬಟಾಣಿ ಸೊಂಟದ ಮೇಲೆ; ಪೇಹ್ವಾ ಪಾದ ಮುಳುಗುವ ನೀರಿನಲ್ಲಿ ನಿಂತು ಬಟ್ಟೆ ಹಿಂಡುತ್ತಿದ್ದಳು. ಆಗ ಫೋನು ಕಂಪಿಸಿತು. ಹೋಂಗ್ ಟೀಚರ ಕರೆ. ಅವಳು ಎತ್ತಲಿಲ್ಲ. ಕರೆ ನಿಂತು ಮೆಸೇಜು ಬಂತು.

‘ಪೇಹ್ವಾ, ಎಲ್ಲ ಸರಿಯಾಗಿದೆಯಾ? ಏನಾದರೂ ಕೆಟ್ಟಿದೆಯಾ?’

ಒದ್ದೆ ಬೆರಳಲ್ಲಿ ಅವಳು ಕ್ಷಣವೂ ತಡಮಾಡದೆ ಉತ್ತರ ಒತ್ತಿದಳು: ‘ಎಲ್ಲ ಚೆನ್ನಾಗಿದೆ ಟೀಚರ್. ತೊಂದರೆ ಏನೂ ಇಲ್ಲ.’ ಸಾಲದೆಂದು ಕೊನೆಗೆ ಒಂದು ಕಮಲದ ಹೂವನ್ನೂ ಹಾಕಿದಳು.

ಕಳಿಸಿದ ಮೇಲೆ ಅದನ್ನು ಓದಿದಳು. ಇನ್ನೊಮ್ಮೆ ಓದಿದಳು.

ಆ ಪದಗಳು ತನಗೆ ಬಾಯಿಪಾಠ ಬಂದದ್ದು ಎಲ್ಲಿಂದ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವುಗಳನ್ನು ಬರೆಯುವವನು ಯಾವ ನೀರಿನಲ್ಲಿ ನಿಂತು ಬರೆಯುತ್ತಿದ್ದ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಕನ್ನಡಿಯಂಥ ನೆಲ, ಇಸ್ತ್ರಿಯ ಅಂಗಿ, ದಿನಾ ನೇತುಹಾಕಿ ದಿನಾ ಒಳಗಿಡುವ ಬನಿಯನ್ನು. ಅವಳು ಹೆದರುತ್ತಿದ್ದದ್ದು ಆತ ಸತ್ತಾನೆಂದು. ಆತ ಹೆದರುತ್ತಿದ್ದದ್ದು ತಾನಿದ್ದೇನೆಂದು ಅವಳಿಗೆ ನೆನಪಾದೀತೆಂದು. ದೂರು ಹೇಳದ ಬಾಡಿಗೆದಾರ ಸುಖವಾಗಿದ್ದಾನೆ ಎಂದಲ್ಲ. ನಾಳೆ ಇರುತ್ತೇನೋ ಇಲ್ಲವೋ ಎಂದು ತಿಳಿಯದವನು ನಲ್ಲಿಯ ಮಾತೆತ್ತುವುದಿಲ್ಲ. ಅತ್ತೆಯ ಅಷ್ಟೊಂದು ಉಪದೇಶಗಳಲ್ಲಿ ಇದೊಂದು ಇರಲಿಲ್ಲ. ಅತ್ತೆ ಎಂದೂ ಬಾಡಿಗೆ ಮನೆಯಲ್ಲಿ ಇದ್ದವಳಲ್ಲ.

ಮಗುವನ್ನು ಅಡುಗೆ ಕಟ್ಟೆಯ ಮೇಲೆ ಕೂರಿಸಿ, ಒಂದು ಕೈಯಲ್ಲಿ ಅದರ ಹೊಟ್ಟೆ ಹಿಡಿದು, ಇನ್ನೊಂದರಲ್ಲಿ ತಿಂಗಳಿಡೀ ಮಾಡದ ಕರೆಯನ್ನು ಮಾಡಿದಳು. ಮೊದಲ ಗಂಟೆಗೇ ಆ ಕಡೆ ಎತ್ತಿದರು.

“ಹೇಳಿ ಮನೆಯೊಡತಿಯವರೇ. ಎಲ್ಲ ಚೆನ್ನಾಗಿದೆ.”

“ದೊಡ್ಡಪ್ಪ, ಮೊದಲು ಒಂದು ವಿಷಯ. ಇನ್ನೆರಡು ವರ್ಷಕ್ಕೆ ಬರೆದುಕೊಡ್ತೀನಿ. ಆಮೇಲೂ ನೀವೇ ಇರಿ. ಇದು ಆಯ್ತು. ಇದರ ಬಗ್ಗೆ ಇನ್ನು ಮಾತಿಲ್ಲ.”

ಆ ಕಡೆ ಸದ್ದಿಲ್ಲ. ಎಷ್ಟೋ ತಿಂಗಳಿಂದ ಈ ಮೌನಕ್ಕೇ ಹೆದರಿದ್ದ ಪೇಹ್ವಾ ಈಗ ಕಾದಳು.

“ಕೇಳಿಸ್ತಾ ದೊಡ್ಡಪ್ಪ?”

“ಕೇಳಿಸ್ತಮ್ಮ.” ಮನೆಯೊಡತಿ ಎಂಬುದು ಎಲ್ಲೋ ಬಿದ್ದುಹೋಗಿತ್ತು.

“ಈಗ ಎರಡನೇ ವಿಷಯ. ಅಲ್ಲಿ ಏನೇನು ಕೆಟ್ಟಿದೆ?”

“ಏನೂ ಇಲ್ಲಮ್ಮ, ಎಲ್ಲ ಚೆನ್ನಾಗೇ…” ಎಂದು ಆರಂಭಿಸಿ ಆತ ನಿಲ್ಲಿಸಿದ. ಟಪ್, ಟಪ್ ಎಂಬ ಸದ್ದು ಇಬ್ಬರ ನಡುವೆ ಸ್ಪಷ್ಟವಾಗಿ ಕೇಳುತ್ತಿತ್ತು.

“ಈ ಸದ್ದು ನಿಮ್ಮ ಕಡೇದೋ, ನನ್ನ ಕಡೇದೋ?” ಎಂದ ಸೀ ದೊಡ್ಡಪ್ಪ.

“ನಂದು ಇಲ್ಲಿದೆ ದೊಡ್ಡಪ್ಪ, ಪಾದದ ತನಕ. ನಿಮ್ದು ಹೇಳಿ.”

ಆತ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು. ಅವಳು ಬಲ್ಲಂತೆ ಆ ಮನೆಯಲ್ಲಿ ಅವಳೊಡನೆ ಮಾತಾಡುತ್ತ ಆತ ಕೂತದ್ದು ಅದೇ ಮೊದಲು. ಆಮೇಲೆ ತುಟಿಯಲ್ಲಿ ‘ಪ್ಸ್ಸ್ಸ್’ ಎಂದು ಬಾಗಿಲು ತೆರೆದ. ಬಟಾಣಿ ಫೋನಿನ ಕಡೆ ತಿರುಗಿ ನಕ್ಕಿತು.

“ಮಗು ಜೊತೆ ಇದ್ದೀಯೇನಮ್ಮ? ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊಂಡು ಎಲ್ಲಾದ್ರೂ ಕೂತ್ಕೋ,” ಎಂದ. “ಸ್ಟಾಪು ಬಹಳ ಇದೆ.”